ಅರ್ಧ ತಾಸು ತಡವಾಗಿ ಬಂದ ಕೆಂಪು

“ಮಾಮಾ, ಆ ಚಿಮಟಾ ಕೊಡಿ ನಾ.”

ಮುರಿಗೆಪ್ಪ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಕಾಲೇಜು ತೋಟದ ಗೋಡೆಯಾಚೆ ಒಂದು ಲೋಕಲ್ ಬಾಂದ್ರಾ ಸ್ಟೇಷನ್ನಿನ ಕಡೆ ಕಿರುಚಿಕೊಂಡು ಹೋಯಿತು, ಅಷ್ಟೆ. ಅಂದರೆ ಈ ಹುಡುಗಿ ಮಾಮಾ ಅಂದದ್ದು ತನ್ನನ್ನೇ.

ಅವನ ಕಿವಿ ಬಿಸಿಯಾದವು. ಅವನ ಊರು ಇಳಕಲ್ಲಿನಲ್ಲಿ ಹರೆಯದ ಹುಡುಗಿ ಹರೆಯದ ಹುಡುಗನಿಗೆ ಮಾಮಾ ಅಂದರೆ ಅವನು ತಾಯಿಯ ತಮ್ಮ, ಇಲ್ಲವೇ ಅತ್ತೆಯ ಮಗ. ಹೇಗಿದ್ದರೂ ನಾಳೆ ಅವಳ ಕೊರಳಿಗೆ ತಾಳಿ ಕಟ್ಟಬಹುದಾದವನು. ಬಿಳಿ ಕೋಟು ತೊಟ್ಟು, ಜಡೆಯನ್ನು ಪೆನ್ಸಿಲ್ಲಿಗೆ ಸುತ್ತಿ ಸಿಕ್ಕಿಸಿಕೊಂಡ ಈ ಎಂ.ಎಸ್ಸಿ. ಹುಡುಗಿ ಮೊದಲ ದಿನವೇ ಮಾಲಿಯನ್ನು ಆಡಿಸಿ ನೋಡುತ್ತಿದ್ದಾಳೆ!

“ಯಾರಿಗೆ ಮಾಮಾ ಅಂತೀರಿ ಬಾಯಾರ? ನಾಲಿಗಿ ಹಿಡದು ಮಾತಾಡ್ರಿ.”

ಹುಡುಗಿಯ ಹುಬ್ಬು ಮೇಲೇರಿತು. “ಬಾಯಾರ? ನಾನೇನು ಭಾಂಡಿ ತೊಳಿಯೋ ಬಾಯಿನಾ?”

ಪಕ್ಕದ ಮಡಿಯಲ್ಲಿ ಗುದ್ದಲಿಯ ಕಾವಿನ ಮೇಲೆ ಗದ್ದವೂರಿ ನಿಂತಿದ್ದ ಹಿರಿಯ ಮಾಲಿ ಕುತುಬುದ್ದೀನ ಚಾಚಾ ಕೆಮ್ಮು ಬರುವಷ್ಟು ನಕ್ಕ. “ಏ ಮುರಿಗ್ಯಾ, ಈ ಊರಾಗ ಸಿಪಾಯಿ ಮಾಮಾ, ಕಂಡಕ್ಟರ್ ಮಾಮಾ, ಪೊಲೀಸನೂ ಮಾಮಾನ. ಯಾರಿಗೂ ಹೆಣ್ಣ ಕೊಡೂದಿಲ್ಲ, ಸುಮ್ನ ಇರು. ಮತ್ತ ಬೇಟಿ, ನಮ್ಮ ಕಡೆ ಬಾಯಾರ ಅಂದ್ರ ಮೇಡಂ ಅಂದಂಗ. ಇಬ್ಬರೂ ಮರ್ಯಾದೀನ ಕೊಟ್ಟೀರಿ, ಇಬ್ಬರಿಗೂ ಮುಟ್ಟಲಿಲ್ಲ.”

ಶೀಲಾವತಿಯ ಮನೆತನ ಧಾರವಾಡದ್ದು. ಹುಟ್ಟಿ ಬೆಳೆದದ್ದು ಮಾತ್ರ ಬಾಂದ್ರಾದ ಬಿಲ್ಡಿಂಗಿನಲ್ಲಿ. ತಾನು ಅಂದ ಮಾತಿನ ಅರ್ಥ ತಿಳಿದದ್ದೇ ಅವಳ ಮುಖ ಕೊರಳಿನವರೆಗೆ ಕೆಂಪಾಯಿತು. ಅವಳು ಚಿಮಟವನ್ನು ತಾನೇ ಎದ್ದು ತೆಗೆದುಕೊಂಡಳು.

ಅಂದಿನಿಂದ ಅವಳು ಮಾಮಾ ಅನ್ನಲಿಲ್ಲ, ಅವನು ಬಾಯಾರ ಅನ್ನಲಿಲ್ಲ. ಬೇರೆ ಏನೆಂದು ಕರೆಯಬೇಕೋ ತಿಳಿಯದೆ ಇಬ್ಬರೂ “ಇಲ್ಲಿ ನೋಡ್ರಿ”, “ಕೇಳ್ತೀರಾ” ಎಂದು ಒಂದು ತಿಂಗಳು ನೂಕಿದರು. ಹೆಸರಿಲ್ಲದ ಕರೆಗೆ ಓಗೊಟ್ಟಾಗ ಮನುಷ್ಯ ಮುಖ ನೋಡಲೇಬೇಕಾಗುತ್ತದೆ. ಹಾಗೆ ನೋಡಿದರು.

ಮುರಿಗೆಪ್ಪನಿಗೆ ಸಿಟ್ಟು ಊಟದಷ್ಟೇ ಕಾಯಂ. ಊರಲ್ಲಿ ಅಪ್ಪ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದ, ಮಗ ಕೈಜೋಡಿಸುತ್ತಿದ್ದ. ಏಳನೆಯ ಇಯತ್ತೆಯಲ್ಲಿ ಮಾಸ್ತರರು, ಬಣ್ಣ ಹತ್ತಿದ ಕೈಯಿಂದ ಪುಸ್ತಕ ಮುಟ್ಟಬೇಡ ಎಂದು ಅವನನ್ನು ಹೊರಗೆ ನಿಲ್ಲಿಸಿದರು. ಒಂದು ದಿನ ನಿಂತ, ಎರಡು ದಿನ ನಿಂತ. ಮೂರನೆಯ ದಿನ ಅಲ್ಲಿಂದಲೇ ಮೆಟ್ಟಿಲಿಳಿದವನು ಮತ್ತೆ ಶಾಲೆಯ ಮುಖ ನೋಡಲಿಲ್ಲ. ಮುಂಬಯಿಗೆ ಬಂದು ಧಾರಾವಿಯಲ್ಲಿ ಚರ್ಮಕ್ಕೆ ಬಣ್ಣ ಹಾಕಿದ. ಆ ಕಾರ್ಖಾನೆ ಮುಚ್ಚಿದಾಗ ಕುತುಬುದ್ದೀನ ಚಾಚಾ ಅವನನ್ನು ಈ ತೋಟಕ್ಕೆ ಎಳೆದು ತಂದಿದ್ದ. ಪುಸ್ತಕ ಹಿಡಿದವರನ್ನು ಕಂಡರೆ ಅವನ ಹಲ್ಲು ಈಗಲೂ ಕಚ್ಚಿಕೊಳ್ಳುತ್ತಿತ್ತು.

ಆದರೆ ಪುಸ್ತಕ ಹಿಡಿದ ಶೀಲಾವತಿಗೆ ಬೇಕಾದದ್ದು ಅವೇ ಕೈಗಳು. ಒಂದು ಲಡಿ ನೂಲಿನಲ್ಲಿ ಬಣ್ಣ ಕಚ್ಚದ ಒಂದೇ ಎಳೆಯನ್ನು ಹುಡುಕುವ ಕಣ್ಣು, ಮುಚ್ಚಿದ ಮೊಗ್ಗನ್ನು ನೋಯಿಸದೆ ಬಿಡಿಸುವ ಬೆರಳು ಇಡೀ ಕಾಲೇಜಿನಲ್ಲಿ ಇನ್ನೊಬ್ಬರಿಗೆ ಇರಲಿಲ್ಲ.

“ಈ ಹೂವಿಗೆ ನಿಮ್ಮ ಊರಾಗ ಏನಂತಾರೆ?” ಒಂದು ದಿನ ಅವಳು ಕೇಳಿದಳು. ಎದುರಿಗೆ ಬಿಳಿ ಹೂವಿನ ಗಿಡಗಳ ಸಾಲು.

“ಸಂಜಿಮಲ್ಲಿಗಿ. ಇಲ್ಲಿ ಗುಲಬಕ್ಷಿ ಅಂತಾರಲ್ಲ.”

“ಏಕ್‌ದಮ್ ಹುಷಾರ್ ಹೂವು ಇದು. ನಾಲ್ಕಕ್ಕ ಅರಳತದ. ಹೊರಗಿನ ಪರಾಗ ಬರತದೇನು ಅಂತ ಕಾಯತದ. ಬರಲಿಲ್ಲಾ, ಮುಚ್ಚಿಕೊಳ್ಳೋ ಮುಂದೆ ತನ್ನ ಎಳೆ ಎಲ್ಲಾ ಸುರುಳಿ ಸುತ್ತಿ, ತನ್ನ ಪರಾಗ ತಾನೇ ತಗೋತದ.”

“ಅಂದ್ರ ಮನ್ಯಾಗಿಂದ ಮನ್ಯಾಗ ಬೀಗತನ.”

ಅವಳು ನಕ್ಕಳು. ನಗು ಅರ್ಧಕ್ಕೆ ನಿಂತಿತು. “ನಮ್ಮ ಮನೆಯಾಗೂ ಹಂಗೇ. ನಮ್ಮ ಅಜ್ಜಿನ್ನ ಸೋದರಮಾವಗ ಕೊಟ್ಟಿದ್ದು, ನಮ್ಮ ಅವ್ವನ್ನೂ ಸೋದರಮಾವಗ ಕೊಟ್ಟಿದ್ದು.”

ಮುರಿಗೆಪ್ಪ ಬ್ರಶ್ ತೊಳೆಯುವ ನೆವದಲ್ಲಿ ಎದ್ದು ಹೋದ.

ಅವಳು ಆ ಹೂವಿನ ಮೇಲೆ ನಡೆಸುವ ಪರೀಕ್ಷೆ ಒಂದು ಓಟದ ಪಂದ್ಯ. ಹೂವಿನ ತುದಿಗೆ ಬಿದ್ದ ಪರಾಗದ ಕಣ ಒಂದು ಸಣ್ಣ ಎಳೆ ಬಿಡುತ್ತದೆ. ಎಳೆ ಇಳಿಯುತ್ತ ಇಳಿಯುತ್ತ ಬುಡದ ಅಂಡವನ್ನು ಮುಟ್ಟಬೇಕು. ಮೊದಲು ಮುಟ್ಟಿದವನದೇ ಬೀಜ.

“ಎರಡನೇದಂವಗ?” ಮುರಿಗೆಪ್ಪ ಕೇಳಿದ.

“ಏನಿಲ್ಲ. ಈ ಹೂವಿಗೆ ಒಂದೇ ಬೀಜ.” ಕರಿಮೆಣಸಿನ ಕಾಳಿನಂಥ ಒಂದು ಬೀಜವನ್ನು ಅವಳು ಅವನ ಅಂಗೈಗೆ ಹಾಕಿದಳು. “ನಮ್ಮ ಗೈಡ್ ಮೇಡಂ ಅಂತಾರ, ಯಾವಾಗಲೂ ತನ್ನೊಳಗೇ ಬೀಜ ಕಟ್ಟೋ ಗಿಡದ ಪರಾಗ ಸೋಮಾರಿ ಆಗತದಂತ. ಎದುರಾಳಿನೇ ಇಲ್ಲ, ಓಡೋ ಜರೂರತ್ ಏನು? ಹತ್ತು ಕಡೆ ಪರಾಗ ಬಂದು ಬೀಳೋ ಗಿಡದಾಗ ಓಡಲಾರದವ ಉಳಿಯೂದೇ ಇಲ್ಲ.”

ಬಿಳಿ ಗಿಡಗಳು ಕಸ್ತೂರಿಬಾಯಿ ಮೇಡಂ ಅವರವು. ಅವರು ಬೆಳಗಾವಿಯವರು, ವಿಭಾಗದ ಮುಖ್ಯಸ್ಥೆ, ಶೀಲಾವತಿಯ ಗೈಡ್. ಏಳು ತಲೆಮಾರು ಹೂವಿಗೆ ಚೀಲ ಕಟ್ಟಿ, ಹೊರಗಿನ ಗಾಳಿ ಸೋಕಿಸದೆ ಬೆಳೆಸಿದ ತಳಿ. ಎದುರಾಳಿಯಾಗಿ ಬೇರೆ ಕಡೆಯ ಕೆಂಪು ಬೇಕಿತ್ತು. ಮರುದಿನ ಮುರಿಗೆಪ್ಪ ಒಂದು ಎಣ್ಣೆ ಡಬ್ಬಿಯನ್ನು ಹೆಗಲ ಮೇಲೆ ಹೊತ್ತು ಬಂದ. ಧಾರಾವಿಯಲ್ಲಿ ಅವನ ಚಾಳಿನ ನಲ್ಲಿಯ ಪಕ್ಕ, ಹಳದಿ, ಬಿಳಿ, ಕೆಂಪು ಎಲ್ಲ ಕಲಸಿಕೊಂಡು ಬೆಳೆದ ಪೊದೆಯಿಂದ ಕಿತ್ತ ಗಿಡ. ಹೂವು ಕುದಿಯುವ ಬಣ್ಣದಂತಿತ್ತು.

“ಪಕ್ಕಾ ಕಿರಮಂಜಿ,” ಅಂದ. “ನಮ್ಮಪ್ಪ ಸಾಯೂತನಕ ಹುಡುಕಿದ ಬಣ್ಣ.”

ಅವಳು ಹೂವನ್ನು ನೋಡಲಿಲ್ಲ. ಡಬ್ಬಿಯ ಅಂಚು ಕೊರೆದು ಅವನ ಹೆಗಲ ಮೇಲೆ ಮೂಡಿದ ಗೆರೆಯನ್ನು ನೋಡಿದಳು. ಚೀಟಿಯ ಮೇಲೆ ಬರೆದಳು: ಧಾರಾವಿ ಕೆಂಪು.

ಕೆಂಪು ಗೆದ್ದರೆ ಬೀಜದಿಂದ ಹುಟ್ಟಿದ ಗಿಡ ಗುಲಾಬಿ ಬಣ್ಣದ ಹೂ ಬಿಡುತ್ತದೆ. ಬಿಳಿ ಗೆದ್ದರೆ ಬಿಳಿ. ಇಷ್ಟಾದರೆ ಸರಿಯಿತ್ತು. ಆದರೆ ಮೇಡಂ ಒಂದು ಶರತ್ತು ಇಟ್ಟಿದ್ದರು: ಮೊದಲು ಗಿಡದ ಸ್ವಂತ ಪರಾಗ ಐದು ಕಣ, ಅರ್ಧ ತಾಸು ಬಿಟ್ಟು ಹೊರಗಿನದು ಐದು ಕಣ.

ಮುರಿಗೆಪ್ಪ ಬ್ರಶ್ ಕೆಳಗಿಟ್ಟ. “ಇದ್ಯಾವ ನ್ಯಾಯರೀ? ಮನೀಯವನ್ನ ಅರ್ಧಾ ದಾರಿ ಓಡಿಸಿ ಆಮ್ಯಾಲ ಹೊರಗಿನವನ್ನ ಬಿಡೂದು?”

“ನ್ಯಾಯ ಅಲ್ಲ ಇದು, ಪರೀಕ್ಷೆ.”

“ಎಲ್ಲಾ ಪರೀಕ್ಷಾನೂ ಹಿಂಗ ಇರ್ತಾವ. ಹೊರಗ ನಿಂತಾಂವಗ ಕಡೀಗೆ ಗಂಟಿ ಬಾರಸ್ತಾರ.”

ಅವಳು ಬಗ್ಗಿ ಬ್ರಶ್ ಎತ್ತಿ ಅವನ ಬೆರಳುಗಳ ನಡುವೆ ಇಟ್ಟಳು. “ಓಡಿಸಿ ನೋಡೋಣ ನಾ,” ಅಂದಳು, ತಗ್ಗಿದ ದನಿಯಲ್ಲಿ.

ಎಪ್ಪತ್ತಮೂರರ ಆ ಆಗಸ್ಟಿನಲ್ಲಿ ನೂರಿಪ್ಪತ್ತು ಹೂವು. ಅವಳು ಹೂವನ್ನು ಎರಡು ಬೆರಳಲ್ಲಿ ಹಿಡಿಯುವಳು, ಅವನು ರವೆಯಷ್ಟು ದಪ್ಪದ ಕಣಗಳನ್ನು ಎಣಿಸಿ ಮುಟ್ಟಿಸುವನು. ಪರಾಗ ಹಾರಬಾರದೆಂದು ಇಬ್ಬರೂ ಉಸಿರು ಹಿಡಿಯುವರು. ಕಡೆಯ ಕಣ ಕೂತದ್ದೇ ಇಬ್ಬರ ಉಸಿರೂ ಒಟ್ಟಿಗೆ ಬಿಡುಗಡೆಯಾಗಿ, ಅವಳ ಹಣೆಯ ಕೂದಲು ಅಲುಗುವುದು. ಆಮೇಲೆ ಅರ್ಧ ತಾಸು ಕಾಯಬೇಕು. ಆ ಅರ್ಧ ತಾಸುಗಳಲ್ಲಿ ಅವನು ಅವಳಿಗೆ ಬಣ್ಣಗಳ ಹೆಸರು ಕಲಿಸಿದ. ಅವಳು ಅವನಿಗೆ ಇಂಗ್ಲಿಷ್ ಅಕ್ಷರ ಕಲಿಸಿದಳು.

“ಇದು ಡಿ.”

“ಯಾವ ಡಿ?”

“ಧಾರಾವಿ ಡಿ.” ಅವಳು ರೆಪ್ಪೆ ಎತ್ತಲಿಲ್ಲ, ತುಟಿ ಮಾತ್ರ ಒಂದು ಕಡೆ ಸರಿಯಿತು.

ಮರುವರ್ಷ ಜೂನಿನಲ್ಲಿ ಬೀಜಗಳು ನೂರಿಪ್ಪತ್ತು ಕುಂಡಗಳಿಗೆ ಬಿದ್ದವು. ಆರು ಮೊಳಕೆಯೊಡೆಯಲಿಲ್ಲ, ನೂರಾ ಹದಿನಾಲ್ಕು ಎದ್ದು ನಿಂತವು. ಆ ವಾರವೇ ಶೀಲಾವತಿ ಮಣ್ಣು ಕೆದಕುತ್ತ ಹೇಳಿಬಿಟ್ಟಳು.

“ಘಾಟ್ಕೋಪರ್ ಮಾವನ ಮಗನ ಜೊತೆ ನನ್ನ ಲಗ್ನ ಅಂತ ಮನೆಯಾಗ ಮಾತಾಗಿದೆ. ಮೇಡಂ ಪಿಎಚ್‌.ಡಿ.ಗೆ ತಗೊಂಡರೆ ಅಪ್ಪ ಲಗ್ನ ಮುಂದ ಹಾಕತೀನಿ ಅಂದಾರ. ಇಲ್ಲಾ, ದೀಪಾವಳಿ ಆದ ಮೇಲೆ...” ಅವಳು ಮಣ್ಣನ್ನು ಗಟ್ಟಿಯಾಗಿ ಒತ್ತಿದಳು. “ಹೊರಗಿನದು ಗೆದ್ದರೆ ಮೇಡಂ ತಗೋತಾರ, ನಾನು ಗೆದ್ದೆ ಅಂತ ತಿಳಕೋರಿ.”

ಅವನು ಹಾಗೆಯೇ ತಿಳಿದುಕೊಂಡ.

ಅಲ್ಲಿಂದ ಮುರಿಗೆಪ್ಪನಿಗೆ ತೋಟ ತೋಟವಾಗಿ ಉಳಿಯಲಿಲ್ಲ. ಹೂ ಬಿಡುವ ಮೊದಲೇ, ಮೊಣಕಾಲೆತ್ತರದಲ್ಲೇ, ಅವನ ಕಣ್ಣಿಗೆ ಗಿಡಗಳ ಗುಟ್ಟು ಕಾಣತೊಡಗಿತ್ತು. ಬಣ್ಣದ ಹೂ ಬಿಡುವ ಗಿಡದ ಗಿಣ್ಣಿನಲ್ಲಿ ನೀರಿಗೆ ಒಂದು ಹನಿ ಕುಂಕುಮ ಬಿದ್ದಷ್ಟು ಕೆಂಪು. ಬಿಳಿಯದರ ಗಿಣ್ಣು ಬರೀ ಹಸಿರು. ಬೇರೆ ಯಾರಿಗೂ ಅದು ಕಾಣದು. ಅವನು ದಿನಾ ಬೆಳಿಗ್ಗೆ ಬಗ್ಗಿ ಬಗ್ಗಿ ಎಣಿಸಿದ. ಎಣಿಸಿದಷ್ಟೂ ಅನ್ನ ಸೇರದಾಯಿತು. ಬಿಳಿ ಐವತ್ತೇಳು, ಗುಲಾಬಿ ಐವತ್ತೇಳು. ಎಲ್ಲಿಯ ಗೆಲುವು?

ಆಗಸ್ಟ್ ಮೊದಲ ವಾರ ಒಂದು ಮಧ್ಯಾಹ್ನ ಗೇಟಿನ ಮುಂದೆ ಸ್ಕೂಟರು ನಿಂತಿತು. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮುಖ. ಘಾಟ್ಕೋಪರಿನ ಮಾವನ ಮಗ. ಕೆಟ್ಟವನ ಹಾಗೇನೂ ಕಾಣಲಿಲ್ಲ, ಅದನ್ನೇ ಮುರಿಗೆಪ್ಪನಿಗೆ ತಡೆಯಲಾಗಲಿಲ್ಲ. ಬಂದವನು ಕನ್ನಡಕ ಒರೆಸುತ್ತ ನಕ್ಕು ಕೂಗಿದ:

“ಏ ಮಾಮಾ, ಶೀಲಾನ ಕರೀರಿ ಸ್ವಲ್ಪ.”

ಮಾಮಾ! ಎಲ್ಲ ಬಿಟ್ಟು ಇವನ ಬಾಯಲ್ಲಿ!

ಶೀಲಾವತಿ ಬಂದು ಸ್ಕೂಟರಿನ ಹಿಂದೆ ಕೂತಳು. ತಿರುವಿನಲ್ಲಿ ಅವಳು ತಿರುಗಿ ನೋಡಿದ್ದನ್ನು ಮುರಿಗೆಪ್ಪ ನೋಡಲಿಲ್ಲ. ಅವನು ಆಗಲೇ ಕುಂಡಗಳ ನಡುವೆ ಮಂಡಿಯೂರಿದ್ದ. ಹಸಿರು ಗಿಣ್ಣು. ಕಿತ್ತ. ಹಸಿರು ಗಿಣ್ಣು. ಕಿತ್ತ. ಬೇರು ಹರಿಯುವ ಸದ್ದು ನೂಲು ಹರಿದಂತೆ ಕೇಳುತ್ತಿತ್ತು. ಹನ್ನೊಂದಾದಾಗ ಕೈ ನಿಂತಿತು.

ಹನ್ನೊಂದು ಖಾಲಿ ಕುಂಡಗಳನ್ನು ಅವನು ಮೊಳಕೆಯೊಡೆಯದ ಆರರ ಸಾಲಿಗೆ ಸರಿಸಿದ. ಕಿತ್ತ ಗಿಡಗಳನ್ನು ಗೊಬ್ಬರದ ಗುಂಡಿಗೆ ಎಸೆಯಲು ಹೋದ, ಗುಂಡಿಯ ಅಂಚಿನಲ್ಲಿ ನಿಂತ, ನಿಂತೇ ಇದ್ದ.

ತಿಂಗಳ ಕೊನೆಗೆ, ಎಣಿಕೆಯ ದಿನ, ಮಳೆ ಬಿಡುವು ಕೊಟ್ಟಿತ್ತು. ಮೂರೂಮುಕ್ಕಾಲಿಗೇ ಕಸ್ತೂರಿಬಾಯಿ ಮೇಡಂ ತೋಟಕ್ಕೆ ಬಂದರು. ಕೈಯಲ್ಲಿ ಶೀಲಾವತಿಯ ನೋಟಬುಕ್ಕು, ಮೂಗಿನ ತುದಿಯಲ್ಲಿ ಕನ್ನಡಕ. ದಿನವೂ ಹೂ ಅರಳಿದಂತೆ ಅವಳು ಬರೆದಿಟ್ಟ ಲೆಕ್ಕ ಓದಿದರು.

“ಗುಲಾಬಿ ಐವತ್ತೇಳು. ಬಿಳಿ ನಲವತ್ತಾರು. ಹೊರಗಿನದು ಗೆದ್ದದ, ಛಲೋ.” ಪುಟ ಹಿಂದೆ ತಿರುವಿದರು. “ಮೊಳಕಿ ಒಡದದ್ದು ನೂರಾ ಹದಿನಾಲ್ಕು ಅಂತ ಜೂನಿನಾಗ ನೀನ ಬರದೀ. ಇಲ್ಲಿ ನೂರಾ ಮೂರು ಅದಾವ. ಹನ್ನೊಂದು ಎಲ್ಲಿ?”

ಶೀಲಾವತಿ ಸಾಲು ನೋಡಿದಳು. ಮತ್ತೆ ನೋಡಿದಳು. “ಗೊತ್ತಿಲ್ಲ ಮೇಡಂ. ನಾನು... ಇಲ್ಲೇ ಇದ್ದವು.”

“ಹನ್ನೊಂದೂ ಹೂ ಬಿಡೂ ಮೊದಲ ಸತ್ತವು? ಲಗ್ನ ತಪ್ಪಿಸ್ಕೊಳ್ಳಾಕ ನಿನಗ ಈ ಉತ್ತರ ಬೇಕಾಗಿತ್ತು ಅಂತ ನನಗೂ ಗೊತ್ತದ ಶೀಲಾ.” ಮೇಡಂ ದನಿ ಏರಲಿಲ್ಲ, ಅದೇ ಹೆದರಿಕೆಯಾಗುವಂತಿತ್ತು. ಅವರು ನೋಟಬುಕ್ಕನ್ನು ಮುಚ್ಚಿದರು. “ಸುಳ್ಳ ಲೆಕ್ಕಕ್ಕ ನನ್ನ ಹತ್ರ ಜಾಗಾ ಇಲ್ಲ.”

ಅವಳ ಮುಖದಿಂದ ರಕ್ತ ಇಳಿದದ್ದು ಮುರಿಗೆಪ್ಪನಿಗೆ ಕಂಡಿತು. ಕುತುಬುದ್ದೀನ ಚಾಚಾ ಅವನ ಅಂಗಿ ಹಿಡಿದು ಜಗ್ಗಿದ, ಸುಮ್ಮನಿರು ಎಂಬಂತೆ. ಅವನು ಕೊಸರಿಕೊಂಡು ಮುಂದೆ ಬಂದ.

“ಅಕ್ಕೋರ, ಅವು ನಾ ಕಿತ್ತದ್ದು. ಅವರಿಗೆ ಗೊತ್ತಿಲ್ಲ.”

“ನೀ? ಯಾಕ?”

“ಬಿಳಿ ಇದ್ದುವು, ಅದಕ್ಕ.”

“ಹೂವ ಬಿಡೂ ಮೊದಲ ಬಿಳಿ ಅಂತ ನಿನಗ ಹೆಂಗ ಗೊತ್ತು?”

“ಗಿಣ್ಣಿನ್ಯಾಗ ಬಣ್ಣ ಕಾಣ್ತದರಿ. ಬಣ್ಣದವನ ಮಗ ನಾ.” ಅವನ ದನಿ ಒಡೆಯಿತು, ಸಿಟ್ಟೋ ಮತ್ತೊಂದೋ ಅವನಿಗೇ ತಿಳಿಯಲಿಲ್ಲ. “ಮನೀಯವಂಗ ಅರ್ಧಾ ತಾಸು ಮೊದಲ ಕೊಟ್ಟೀರಿ. ಹೊರಗಿನಾಂವ ಗೆದ್ರ ತಾವೂ ಗೆದ್ದಂಗ ಅಂತ ಇವರು ಅಂದಿದ್ರು. ನನಗ ತಡಕೊಳ್ಳಾಕ ಆಗಲಿಲ್ಲ. ನನ್ನ ಹೊರಗ ಹಾಕ್ರಿ, ಅವರಿಗೆ ಏನೂ ಅನಬ್ಯಾಡ್ರಿ.”

ಶೀಲಾವತಿ ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಬೆಂಕಿಯಿತ್ತು.

“ನನ್ನ ಕೆಲಸ ನೀವು ಕೊಂದ್ರಿ,” ಅಂದಳು.

“ಕಿತ್ತೆ. ಕೊಲ್ಲಲಿಲ್ಲ.”

ಅವನು ಪಂಪ್‌ಶೆಡ್ಡಿನ ಹಿಂದಕ್ಕೆ ನಡೆದ. ಎಲ್ಲರೂ ಹಿಂಬಾಲಿಸಿದರು. ಗೋಡೆಯ ಬುಡದಲ್ಲಿ, ಧಾರಾವಿಯಿಂದ ತಂದ ಎಣ್ಣೆ ಡಬ್ಬಿಗಳಲ್ಲಿ, ಹನ್ನೊಂದು ಗಿಡಗಳು ನಿಂತಿದ್ದವು. ಬಾಡಿ ಚೇತರಿಸಿಕೊಂಡ ಗಿಡಗಳು. ಪ್ರತಿಯೊಂದರ ಕೊರಳಲ್ಲೂ ಅವಳ ಕೈಬರಹದ ಚೀಟಿ ಹಾಗೆಯೇ ಇತ್ತು. ಒಂದೊಂದರಲ್ಲೂ ಮೊದಲ ಮೊಗ್ಗು.

ಮೇಡಂ ಗಡಿಯಾರ ನೋಡಿಕೊಂಡರು. “ನಾಕಾಗಲಿ.”

ಕಾದರು. ಗೋಡೆಯಾಚೆ ಎರಡು ಲೋಕಲ್ ಹೋದವು. ನಾಲ್ಕು ದಾಟಿ ಐದು ನಿಮಿಷಕ್ಕೆ ಮೊದಲ ಮೊಗ್ಗು ಕೊಡೆಯಂತೆ ಬಿಚ್ಚಿತು. ಬಿಳಿ. ಎರಡನೆಯದು ಬಿಳಿ. ಮೂರು, ನಾಲ್ಕು, ಐದು. ಮುರಿಗೆಪ್ಪ ತಲೆ ತಗ್ಗಿಸಿದ್ದ. ಒಂದೊಂದು ಬಿಳಿಯೂ ಅವನ ಕೆನ್ನೆಗೆ ಬಾರಿಸಿದಂತಿತ್ತು. ಎಂಟು, ಒಂಬತ್ತು, ಹತ್ತು.

ಹನ್ನೊಂದನೆಯದು ತಡ ಮಾಡಿತು. ಕೊನೆಗೆ ಬಿಚ್ಚಿಕೊಂಡಾಗ ಕುತುಬುದ್ದೀನ ಚಾಚಾ “ಯಾ ಅಲ್ಲಾ” ಅಂದ.

ಗುಲಾಬಿ.

ಮುರಿಗೆಪ್ಪ ಬಗ್ಗಿ ಗಿಣ್ಣು ನೋಡಿದ. ಕೆಂಪು ಇತ್ತು. ದಿನಾ ಎಣಿಸುವಾಗಲೂ ಇದ್ದಿರಬೇಕು, ಸೋಲಿನ ಹೆದರಿಕೆಯಲ್ಲಿ ಅದನ್ನು ಬಿಳಿಯೆಂದೇ ಎಣಿಸಿದ್ದ. ಆ ಮಧ್ಯಾಹ್ನ ಅವನ ಕಣ್ಣಿಗೆ ಸ್ಕೂಟರಿನ ಹೊಗೆಯೊಂದೇ ಕಂಡಿತ್ತು. ತನ್ನ ಬಣ್ಣವನ್ನು ತಾನೇ ಗುರುತಿಸದೆ ಕಿತ್ತಿದ್ದ.

“ಐವತ್ತೆಂಟು, ಐವತ್ತಾರು,” ಮೇಡಂ ನಿಧಾನವಾಗಿ ಬರೆದರು. ಆಮೇಲೆ ಕನ್ನಡಕ ತೆಗೆದು ಶೀಲಾವತಿಯನ್ನು ನೋಡಿದರು. “ಅಂದ್ರ ಹೆಚ್ಚುಕಡಿಮಿ ಸಮ. ತಿಳೀತೇನು ಇದರ ಅರ್ಥ? ಮನೀ ಪರಾಗ ಅರ್ಧಾ ತಾಸು ಮೊದಲ ಹೊಂಟ್ರೂ ಹೊರಗಿನದು ಬಂದು ಹೆಗಲಿಗೆ ಹೆಗಲು ಹಚ್ಚತದ. ಗೆಲ್ಲೂದು ಸೋಲೂದು ಯಾರಿಗೆ ಬೇಕಾಗಿತ್ತು? ಎಷ್ಟು ವೇಗ ಅನ್ನೂದು ಬೇಕಾಗಿತ್ತು. ಇನ್ನ ಒಂದು ತಾಸು ತಡಾ ಮಾಡಿ ನೋಡು, ಕಾಲು ತಾಸು ಮಾಡಿ ನೋಡು. ಮೂರು ವರ್ಷದ ಕೆಲಸ ಅದ ಇದರಾಗ. ನಿಮ್ಮಪ್ಪಗ ನಾ ಪತ್ರ ಬರೀತೀನಿ.”

ಶೀಲಾವತಿ ಡಬ್ಬಿಯ ಅಂಚು ಹಿಡಿದು ಕೂತುಬಿಟ್ಟಳು.

“ಮತ್ತ ನೀನು,” ಮೇಡಂ ಮುರಿಗೆಪ್ಪನತ್ತ ತಿರುಗಿದರು, “ನಾಳೆಯಿಂದ ಬರಬ್ಯಾಡ. ನಿನ್ನ ಕಣ್ಣಿನಂಥಾ ಕಣ್ಣು ನಾ ನೋಡಿಲ್ಲ. ಆದ್ರ ಲೆಕ್ಕಕ್ಕ ಕೈ ಹಾಕಿದಾಂವನ್ನ ಇಟ್ಟುಕೊಳ್ಳಾಕ ಬರೂದಿಲ್ಲ.”

“ಹೌದ್ರಿ ಅಕ್ಕೋರ.” ಜೀವನದಲ್ಲಿ ಮೊದಲ ಸಲ, ಹೊರಗೆ ಹಾಕಿದ್ದಕ್ಕೆ ಅವನಿಗೆ ಸಿಟ್ಟು ಬರಲಿಲ್ಲ.

ಚಾಚಾನ ಕಾಲು ಮುಟ್ಟಿ, ಚೀಲ ಹೆಗಲಿಗೇರಿಸಿ ಗೇಟು ದಾಟಿದ. ಧಾರಾವಿಯ ಕಡೆ ಹೋಗುವ ರಸ್ತೆಯಲ್ಲಿ ಸಂಜೆಯ ಗದ್ದಲ. ಗೇಟಿನ ಸಿಪಾಯಿ ಬೀಡಿ ಹಚ್ಚುತ್ತಿದ್ದ, ಸ್ಟಾಪಿನಲ್ಲಿ ಬಸ್ಸು ನಿಂತು ಕಂಡಕ್ಟರು ಗಂಟೆ ಎಳೆಯಲು ಕೈ ಎತ್ತಿದ್ದ, ಚೌಕದಲ್ಲಿ ಪೊಲೀಸನೊಬ್ಬ ಬೆವರೊರೆಸಿಕೊಳ್ಳುತ್ತಿದ್ದ.

“ಮಾಮಾ!”

ಸಿಪಾಯಿ ತಿರುಗಿದ. ಕಂಡಕ್ಟರು ತಿರುಗಿದ. ಪೊಲೀಸನೂ ತಿರುಗಿದ. ಮುರಿಗೆಪ್ಪ ಒಬ್ಬನೇ ತಿರುಗಲಿಲ್ಲ. ಆ ಕರೆ ತನಗೆ ಇನ್ನೆಲ್ಲಿಯದು ಎಂದು ನಡೆಯುತ್ತಲೇ ಇದ್ದ.

ಚಪ್ಪಲಿಯ ಸದ್ದು ಓಡಿ ಬಂತು. ಶೀಲಾವತಿ ಎದುರಿಗೆ ಬಂದು ನಿಂತಳು, ಏದುಸಿರು ಬಿಡುತ್ತ. ಜಡೆಯಿಂದ ಪೆನ್ಸಿಲ್ ಎಲ್ಲೋ ಬಿದ್ದು ಕೂದಲು ಬಿಚ್ಚಿತ್ತು. ಎದೆಗೆ ಅವುಚಿಕೊಂಡ ಡಬ್ಬಿಯಲ್ಲಿ ಆ ಹನ್ನೊಂದನೆಯ ಗಿಡ.

“ಕರೆದದ್ದು ಕೇಳಲಿಲ್ಲಾ?”

“ಈ ಊರಾಗ ಮಾಮಾಗಳು ಭಾಳ ಅದಾರರಿ. ಯಾರನ್ನ ಕರದ್ರಿ ಅಂತ ತಿಳೀಲಿಲ್ಲ.”

“ನಿಮ್ಮ ಮ್ಯಾಲ ನನಗಿನ್ನೂ ಸಿಟ್ಟದ,” ಅವಳು ಅಂದಳು. “ಭಾಳ ಸಿಟ್ಟದ. ಅದು ಇಳಿಯೋತನಕ ದಿನಾ ಬಂದು ಬೈತೀನಿ. ಧಾರಾವಿಗೇ ಬರತೀನಿ, ಆ ನಲ್ಲಿ ಹತ್ರ.”

“ಘಾಟ್ಕೋಪರದವರು?”

“ಇವತ್ತು ಮನೆಗೆ ಹೋಗಿ ಅಪ್ಪನ ಮುಂದೆ ನಾನೇ ಬಾಯಿಬಿಟ್ಟು ಹೇಳತೀನಿ. ಮೇಡಂ ಪತ್ರದ ಹಿಂದೆ ಅಡಗಿಕೊಳ್ಳೋದಿಲ್ಲ.” ಡಬ್ಬಿಯನ್ನು ಅವನ ಕೈಗೆ ದಾಟಿಸುವಾಗ ಅವಳ ಬೆರಳು ಅವನ ಬೆರಳ ಮೇಲೆ ನಿಂತವು. ಹಳೆಯ ಬಣ್ಣದ ಕಲೆ ಇನ್ನೂ ಉಗುರಿನ ಸಂದಿಯಲ್ಲಿತ್ತು. ಅವಳು ಅದನ್ನು ಹೆಬ್ಬೆರಳಿನಿಂದ ತಡವಿದಳು. ಇಬ್ಬರೂ ಉಸಿರು ಹಿಡಿದಿದ್ದರು, ಅಭ್ಯಾಸದಿಂದ.

“ಮತ್ತೆ ಕೇಳಿಸ್ಕೋರಿ,” ಅವಳು ಮೆಲ್ಲಗೆ ಅಂದಳು. ಈ ಸಲ ಅವಳ ಕನ್ನಡ ತಡವರಿಸಲಿಲ್ಲ. “ಮಾಮಾ ಅಂದೆ. ಮುಂಬಯಿ ಮಾಮಾ ಅಲ್ಲ. ಇಳಕಲ್ಲ ಮಾಮಾ.”